ದಸ್ತು, ರೀಮು, ಮಡಿಕೆ: ಕಾಗದವನ್ನು ಎಣಿಸುವ ಮತ್ತು ಕೂಡಿಸುವ ಪದಗಳ ಚರಿತ್ರೆ

ಇಂಗ್ಲಿಷಿನ ‘ಕ್ವೈರ್’ ಎಂಬ ಪದಕ್ಕೆ ಕನ್ನಡದ ದ್ವಿಭಾಷಾ ನಿಘಂಟುಗಳು ಕೊಡುವ ರೂಢಿಯ ಅರ್ಥ ‘ದಸ್ತು’, ಅಂದರೆ 24 ಹಾಳೆಗಳ ಕಟ್ಟು. ಕಾಗದದ ಅಂಗಡಿಯ ಮಟ್ಟಿಗೆ ಈ ಅರ್ಥ ನಿರ್ದುಷ್ಟವಾದುದು. ಆದರೆ ಹಸ್ತಪ್ರತಿಶಾಸ್ತ್ರದ ಬರಹವೊಂದರಲ್ಲಿ ‘ಎಂಟೆಂಟು ಎಲೆಗಳ ಹತ್ತು ಕ್ವೈರುಗಳು’ ಎಂಬ ಮಾತು ಬಂದಾಗ ಅದನ್ನು ‘ಹತ್ತು ದಸ್ತು’ ಎಂದು ಕನ್ನಡಿಸಿದರೆ, 80 ಎಲೆಗಳ ಪುಸ್ತಕ 240 ದೊಡ್ಡ ಹಾಳೆಗಳ ರಾಶಿಯಾಗಿ ಬದಲಾಗುತ್ತದೆ. ಇಲ್ಲಿ ಅನುವಾದಕರ ಅಜಾಗರೂಕತೆಗಿಂತ ಹೆಚ್ಚಿನದು ಅಡಗಿದೆ. ಕ್ವೈರ್ ಎಂಬುದು ಒಂದೇ ರೂಪದಲ್ಲಿ ಎರಡು ವೃತ್ತಿಗಳ ಪದ: ಕಾಗದ ಮಾರುವವನಿಗೆ ಅದು ಎಣಿಕೆ, ಪುಸ್ತಕ ಕಟ್ಟುವವನಿಗೆ ಅದು ರಚನೆ. ದಸ್ತು ಎಂಬುದಾದರೋ ಮೊದಲಿನಿಂದಲೂ ಎಣಿಕೆಯ ಪದವೇ. ಈ ಎರಡು ಪದಗಳು ನಿಘಂಟಿನ ಒಂದೇ ಸಾಲಿನಲ್ಲಿ ಕೂತದ್ದು ಹೇಗೆ, ಆ ಸಾಲನ್ನು ಹೇಗೆ ತಿದ್ದಬೇಕು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ನಾವು ಪರಿಶೀಲಿಸುತ್ತೇವೆ. ಅದಕ್ಕಾಗಿ ಮೊದಲು ಕನ್ನಡದಿಂದ ಬಹುದೂರ ಹೋಗಬೇಕಾಗುತ್ತದೆ.

ನಾಲ್ಕರ ಹೆಸರು

ಲ್ಯಾಟಿನಿನ ‘ಕ್ವಾತೆರ್ನಿ’ ಒಂದು ವಿತರಣಾ ಸಂಖ್ಯಾವಾಚಕ. ಕನ್ನಡದಲ್ಲಿ ‘ನಾಲ್ಕು ನಾಲ್ಕು’ ಎಂದು ದ್ವಿರುಕ್ತಿಯಿಂದ ಹೇಳುವುದನ್ನು ಲ್ಯಾಟಿನ್ ಪ್ರತ್ಯೇಕ ಪದದಿಂದ ಹೇಳುತ್ತದೆ. ನಾಲ್ಕು ಚರ್ಮಪತ್ರದ ತುಂಡುಗಳನ್ನು ಒಂದರೊಳಗೊಂದು ಇಟ್ಟು ನಡುವೆ ಮಡಿಸಿದರೆ ನಾಲ್ಕು ಜೋಡಿಹಾಳೆ, ಎಂಟು ಎಲೆ, ಹದಿನಾರು ಪುಟಗಳ ಒಂದು ಘಟಕ ಸಿದ್ಧವಾಗುತ್ತದೆ. ಮಡಿಕೆಯ ಬೆನ್ನಿನಲ್ಲಿ ದಾರ ಹಾಯಿಸಿ ಇಂತಹ ಘಟಕಗಳನ್ನು ಒಂದರ ಮೇಲೊಂದು ಹೊಲಿದರೆ ಪುಸ್ತಕವಾಯಿತು. ಪಶ್ಚಿಮ ಯುರೋಪಿನ ಮಧ್ಯಯುಗದ ಚರ್ಮಪತ್ರ ಪುಸ್ತಕಗಳಲ್ಲಿ ಈ ನಾಲ್ಕರ ಘಟಕವೇ ಅತಿ ಸಾಮಾನ್ಯವಾದುದು. ಗ್ರೀಕಿನಲ್ಲಿ ಇದೇ ವಸ್ತುವಿಗೆ ‘ತೆತ್ರಾದಿಯೊನ್’ ಎಂದು ಹೆಸರು, ಅದೂ ನಾಲ್ಕರಿಂದಲೇ ಹುಟ್ಟಿದ್ದು.

ಲ್ಯಾಟಿನ್ ಪದದ ಸಂತತಿ ದೊಡ್ಡದು. ಪ್ರಾಚೀನ ಫ್ರೆಂಚಿನಲ್ಲಿ ಅದು ‘ಕಾಯೆರ್’ ಆಗಿ, ಇಂದಿನ ಫ್ರೆಂಚಿನಲ್ಲಿ ‘ಕಯೇ’ ಎಂದು ಶಾಲಾ ಬಾಲಕನ ನೋಟುಪುಸ್ತಕವನ್ನು ಸೂಚಿಸುತ್ತದೆ. ಇಟಾಲಿಯನ್ನಿನ ‘ಕ್ವಾದೆರ್ನೊ’, ಸ್ಪ್ಯಾನಿಷಿನ ‘ಕ್ವಾದೆರ್ನೊ’, ಪೋರ್ಚುಗೀಸಿನ ‘ಕಾದೆರ್ನು’ ಮೂರೂ ನೋಟುಪುಸ್ತಕವೇ. ಗ್ರೀಕಿನಿಂದ ರಷ್ಯನ್ನಿಗೆ ಹೋದ ‘ತೆತ್ರಾದ್’ ಕೂಡ ನೋಟುಪುಸ್ತಕ. ಹೀಗೆ ಯುರೋಪಿನ ಅರ್ಧದಷ್ಟು ಮಕ್ಕಳು ದಿನವೂ ‘ನಾಲ್ಕು’ ಎಂಬುದರಲ್ಲಿ ಬರೆಯುತ್ತಾರೆ. ಆ ನಾಲ್ಕು ಯಾವುದೆಂದು ಕೇಳಿದರೆ ಅವರ ಉಪಾಧ್ಯಾಯರಿಗೂ ಉತ್ತರ ಸುಲಭವಲ್ಲ. ಇಂಗ್ಲಿಷಿಗೆ ಪ್ರಾಚೀನ ಫ್ರೆಂಚಿನ ರೂಪವೇ ಬಂದು ‘ಕ್ವೈರ್’ ಆಯಿತು. ಸ್ಕಾಟ್ಸ್ ಉಪಭಾಷೆಯಲ್ಲಿ ಅದು ‘ಕ್ವೇರ್’ ಎಂದು ಇಡೀ ಪುಸ್ತಕಕ್ಕೇ ಸಲ್ಲುವ ಹೆಸರಾಯಿತು. ಒಂದನೆಯ ಜೇಮ್ಸ್ ದೊರೆಯ ಕೃತಿಯೆಂದು ಹೇಳಲಾಗುವ 15ನೆಯ ಶತಮಾನದ ‘ಕಿಂಗಿಸ್ ಕ್ವೇರ್’ ಕಾವ್ಯದ ಶೀರ್ಷಿಕೆಯೇ ಅದಕ್ಕೆ ಸಾಕ್ಷಿ. ಗಾಯಕವೃಂದವನ್ನು ಸೂಚಿಸುವ ಇನ್ನೊಂದು ‘ಕ್ವೈರ್’ ಇದಕ್ಕೆ ಸಂಬಂಧಿಸಿದ್ದಲ್ಲ. ಹಳೆಯ ಪ್ರಾರ್ಥನಾಪುಸ್ತಕಗಳ ಕಾಗುಣಿತದಿಂದ ಮಾತ್ರ ಅವೆರಡೂ ಅವಳಿಗಳಂತೆ ಕಾಣುತ್ತವೆ.

ಸಂಖ್ಯಾವಾಚಕವೊಂದು ವಸ್ತುವಿನ ಹೆಸರಾದ ಮೇಲೆ ಆ ವಸ್ತು ತನ್ನ ಸಂಖ್ಯೆಗೆ ಬದ್ಧವಾಗಿರುವುದಿಲ್ಲ. ಚರ್ಮಪತ್ರಕ್ಕಿಂತ ಕಾಗದ ತೆಳುವಾದ್ದರಿಂದ ಒಂದು ಘಟಕದಲ್ಲಿ ಐದು, ಆರು, ಅದಕ್ಕೂ ಹೆಚ್ಚು ಜೋಡಿಹಾಳೆಗಳನ್ನು ಸೇರಿಸಿದರೂ ಬೆನ್ನು ಉಬ್ಬುವುದಿಲ್ಲ. ಐದರ ಘಟಕಕ್ಕೆ ‘ಕ್ವಿಂತೆರ್ನೊ’ ಎಂಬ ಪದ ಇಟಲಿಯಲ್ಲಿ ಹುಟ್ಟಿತು. ಆದರೆ ಬಹುಪಾಲು ಕಡೆ ನಾಲ್ಕರ ಹೆಸರೇ ಎಲ್ಲ ಘಟಕಗಳಿಗೂ ಸಾಮಾನ್ಯ ನಾಮವಾಯಿತು. ಇದರ ಅತ್ಯಂತ ಸ್ವಾರಸ್ಯಕರ ಉದಾಹರಣೆ ಸ್ಪ್ಯಾನಿಷಿನ ‘ಕ್ವಾದೆರ್ನಿಯೊ’. ವ್ಯುತ್ಪತ್ತಿಯಿಂದ ಅದು ‘ಚಿಕ್ಕ ನಾಲ್ಕು’. ಸ್ಪ್ಯಾನಿಷ್ ಅಕಾಡೆಮಿಯ ನಿಘಂಟು ಅದಕ್ಕೆ ಕೊಡುವ ಒಂದು ಅರ್ಥವಾದರೋ ಐದು ಹಾಳೆಗಳ ಕಟ್ಟು. ಇಂತಹ ಐದು ಕ್ವಾದೆರ್ನಿಯೊ ಸೇರಿದರೆ ಒಂದು ‘ಮಾನೊ’, ಅಂದರೆ ಕೈ. ಬೆರಳಿಗೆ ಐದೈದರಂತೆ ಐದು ಬೆರಳಿಗೆ 25 ಹಾಳೆ ಎಂದು ಯಾರೋ ಕುಳಿತು ಯೋಚಿಸಿ ಹೆಸರಿಟ್ಟಂತೆ ತೋರುವ ಈ ವ್ಯವಸ್ಥೆ ಹಾಗೆ ಹುಟ್ಟಿರಲಾರದು ಎಂಬುದೇ ನಮ್ಮ ಅಭಿಪ್ರಾಯ. ‘ನಾಲ್ಕು’ ಎಂಬ ಹೆಸರು ಐದರ ಕಟ್ಟಿಗೆ ಅಂಟಿಕೊಂಡಿರುವುದೇ ಅದಕ್ಕೆ ವಿರುದ್ಧವಾದ ಸಾಕ್ಷ್ಯ.

ಕೈ ಮತ್ತು ಕಟ್ಟು

ಮಾನೊ ಎಂಬ ಪದ ನಮ್ಮನ್ನು ಎರಡನೆಯ ಅರ್ಥಮೂಲಕ್ಕೆ ಒಯ್ಯುತ್ತದೆ. ಫ್ರೆಂಚಿನಲ್ಲಿ 25 ಹಾಳೆಗಳ ಕಟ್ಟಿಗೆ ‘ಮ್ಯಾಂ’, ಕೈ ಎಂದೇ ಹೆಸರು. ಪೋರ್ಚುಗೀಸಿನಲ್ಲೂ ಕೈಯೇ. ಪಾರಸಿಯ ‘ದಸ್ತ’ ಅಥವಾ ‘ದಸ್ತೆ’ ಎಂಬುದು ಕೈ ಎಂಬರ್ಥದ ‘ದಸ್ತ್’ ಪದದಿಂದ ಸಾಧಿತವಾಗಿ ಹಿಡಿ, ಹಿಡಿಕೆ, ಗೊಂಚಲು, ಗುಂಪು ಎಂಬ ಅರ್ಥಗಳ ಜೊತೆಗೆ ಕಾಗದದ ಕಟ್ಟನ್ನೂ ಸೂಚಿಸುತ್ತದೆ. ಹೂಗೊಂಚಲಿಗೆ ‘ಗುಲ್ದಸ್ತ’ ಎನ್ನುವಲ್ಲಿರುವುದೂ ಇದೇ. ಈ ಪದ ತುರ್ಕಿಯಲ್ಲಿ ‘ದೆಸ್ತೆ’ ಆಯಿತು. ತುರ್ಕಿ ಭಾಷೆಗಳ ಮೂಲಕ ರಷ್ಯನ್ನಿಗೆ ಹೋಗಿ ‘ದೆಸ್ತ್’ ಎಂದಾಯಿತು. ಅಲ್ಲಿ ಅದು 24 ಹಾಳೆ. ಹಿಂದಿ, ಮರಾಠಿ, ತೆಲುಗುಗಳಲ್ಲಿ ‘ದಸ್ತಾ’, ಕನ್ನಡದಲ್ಲಿ ದಸ್ತು, ಕೆಲವೆಡೆ ದಸ್ತೆ. ಹೀಗೆ ಮಾಸ್ಕೋದ ಗುಮಾಸ್ತನೂ ಮೈಸೂರಿನ ಗುಮಾಸ್ತನೂ ಕಾಗದವನ್ನು ಒಂದೇ ಪಾರಸಿ ಕೈಯಿಂದ ಎಣಿಸಿದ್ದಾರೆ.

ಫ್ರೆಂಚಿನ ಕೈಗೂ ಪಾರಸಿಯ ಕೈಗೂ ಸಂಬಂಧವೇನು? ಒಂದು ಇನ್ನೊಂದರ ಪದಶಃ ಅನುವಾದವೆಂದು ಊಹಿಸುವುದು ಆಕರ್ಷಕ. ಕಾಗದವೇ ಇಸ್ಲಾಮೀ ಜಗತ್ತಿನಿಂದ ಯುರೋಪಿಗೆ ಹೋದದ್ದರಿಂದ ಊಹೆ ಅಸಂಗತವೂ ಅಲ್ಲ. ಆದರೆ ಕೈಹಿಡಿತದಿಂದ ಅಳೆಯುವುದು ಎಲ್ಲೆಲ್ಲೂ ಸ್ವತಂತ್ರವಾಗಿ ಹುಟ್ಟಬಲ್ಲ ರೂಪಕ. ಕನ್ನಡದ ಹಿಡಿ, ಬೊಗಸೆ, ಗೇಣು, ಮೊಳಗಳನ್ನು ನಾವು ಯಾರಿಂದಲೂ ಎರವಲು ಪಡೆದಿಲ್ಲ. ಅರ್ಥಸಾಮ್ಯವೊಂದರಿಂದಲೇ ಅನುವಾದಿತ ಎರವಲನ್ನು ಸಾಧಿಸಲಾಗದು.

ದೊಡ್ಡ ಕಟ್ಟಿನ ಹೆಸರಿನ ವಿಷಯದಲ್ಲಿ ಇಂತಹ ಸಂದಿಗ್ಧವಿಲ್ಲ. ಅರಬ್ಬಿಯ ‘ರಿಜ್ಮಾ’ ಎಂದರೆ ಗಂಟು, ಮೂಟೆ. ‘ಕಟ್ಟು’ ಎಂಬರ್ಥದ ಧಾತುವಿನಿಂದ ಬಂದ ಪದ. ಅರಬ್ಬರ ಆಳ್ವಿಕೆಯ ಸ್ಪೇನಿನಲ್ಲಿ ಕಾಗದದ ತಯಾರಿಕೆ ನೆಲೆಗೊಂಡಿತ್ತು. 12ನೆಯ ಶತಮಾನದ ಭೂಗೋಳಜ್ಞ ಅಲ್ ಇದ್ರೀಸಿ ಶಾತಿಬಾ ಪಟ್ಟಣದ ಕಾಗದವನ್ನು ಹೊಗಳಿದ್ದಾನೆ. ಅಲ್ಲಿಂದ ಸ್ಪ್ಯಾನಿಷಿನ ‘ರೆಸ್ಮಾ’, ಇಟಾಲಿಯನ್ನಿನ ‘ರಿಸ್ಮಾ’, ಫ್ರೆಂಚಿನ ‘ರಾಮ್’, ಜರ್ಮನ್ನಿನ ‘ರೀಸ್’, ಡಚ್ಚಿನ ‘ರೀಮ್’ ಮತ್ತು ಇಂಗ್ಲಿಷಿನ ‘ರೀಮ್’ ಬೆಳೆದವು. ಇಂಗ್ಲಿಷಿನೊಡನೆ ಅದು ಭಾರತಕ್ಕೆ ಬಂದು ಕನ್ನಡದಲ್ಲಿ ‘ರೀಮು’ ಆಗಿದೆ. ನಮ್ಮ ಹಳೆಯ ಲೆಕ್ಕದ ಕೋಷ್ಟಕಗಳಲ್ಲಿ ‘24 ಹಾಳೆಗೆ ಒಂದು ದಸ್ತು, 20 ದಸ್ತಿಗೆ ಒಂದು ರೀಮು’ ಎಂದು ಬಾಯಿಪಾಠ ಮಾಡಿಸುತ್ತಿದ್ದಾಗ, ಪೂರ್ವದಿಂದ ನೇರವಾಗಿ ಬಂದ ಪಾರಸಿ ಪದವೂ ಪಶ್ಚಿಮವನ್ನೆಲ್ಲ ಸುತ್ತಿ ಹಡಗಿನಲ್ಲಿ ಬಂದ ಅರಬ್ಬಿ ಪದವೂ ಒಂದೇ ಸಾಲಿನಲ್ಲಿ ಕೂಡಿದ್ದವು. ಒಂದು ಸ್ವದೇಶಿ ಎಂಬಂತೆ, ಇನ್ನೊಂದು ವಿಲಾಯತಿ ಎಂಬಂತೆ ನಮಗೆ ಕೇಳಿಸುತ್ತದೆ, ಅಷ್ಟೆ.

ಯಾವುದು ಸ್ಥಿರ, ಯಾವುದು ಚರ

ಈ ಪದಗಳ ಸಂಖ್ಯಾಮೌಲ್ಯವನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ಇಂಗ್ಲಿಷಿನಲ್ಲಿ ಕ್ವೈರಿಗೆ 24 ಹಾಳೆ, ರೀಮಿಗೆ 20 ಕ್ವೈರು, ಒಟ್ಟು 480. ಫ್ರೆಂಚಿನಲ್ಲಿ ಮ್ಯಾಂಗೆ 25, ರಾಮ್‌ಗೆ 20 ಮ್ಯಾಂ, ಒಟ್ಟು 500. ಸ್ಪ್ಯಾನಿಷಿನಲ್ಲಿ ಮಾನೊಗೆ 25, ರೆಸ್ಮಾಗೆ 20 ಮಾನೊ, ಒಟ್ಟು 500. ರಷ್ಯನ್ನಿನಲ್ಲಿ ದೆಸ್ತಿಗೆ 24, ‘ಸ್ತೊಪಾ’ಗೆ 20 ದೆಸ್ತ್, ಒಟ್ಟು 480. ಜರ್ಮನ್ನಿನಲ್ಲಿ ಚಿಕ್ಕ ಕಟ್ಟಿನ ಹೆಸರು ‘ಬೂಖ್’, ಅಂದರೆ ಪುಸ್ತಕ. ಬರೆಯುವ ಕಾಗದವಾದರೆ ಬೂಖಿಗೆ 24 ಹಾಳೆ, ಮುದ್ರಣದ ಕಾಗದವಾದರೆ 25, ಎರಡರಲ್ಲೂ ರೀಸ್‌ಗೆ 20 ಬೂಖ್. ಒಂದೇ ಭಾಷೆಯಲ್ಲಿ, ಒಂದೇ ಪದಕ್ಕೆ, ಒಂದೇ ಕಾಲದಲ್ಲಿ ಎರಡು ಬೆಲೆ!

ಇಂಗ್ಲೆಂಡಿನ ಗಿರಣಿಗಳ ಲೆಕ್ಕ ಇನ್ನೂ ತೊಡಕಿನದು. ಕೈಯಿಂದ ಮಾಡಿದ ಕಾಗದದ ರೀಮಿನಲ್ಲಿ ಮೇಲಿನ ಒಂದು ಮತ್ತು ಕೆಳಗಿನ ಒಂದು ಕ್ವೈರು ಹರಿದ, ಕಲೆಬಿದ್ದ ಹಾಳೆಗಳವು. ಸಾಗಣೆಯಲ್ಲಿ ಹಗ್ಗದ ಒತ್ತಡವನ್ನು ತಾಳಿಕೊಳ್ಳುವುದೇ ಅವುಗಳ ಕೆಲಸ. ನಡುವಿನ 18 ಕ್ವೈರುಗಳಲ್ಲಿ ತಲಾ 24 ಒಳ್ಳೆಯ ಹಾಳೆ, ಹೊರಗಿನ ಎರಡರಲ್ಲಿ ತಲಾ 20 ಇದ್ದಾಗ ರೀಮು 472 ಹಾಳೆಗೆ ಇಳಿಯುತ್ತಿತ್ತು. ಮುದ್ರಕನಿಗೆ ಕೆಡುವ ಹಾಳೆಗಳಿಗೂ ಅವಕಾಶ ಬೇಕು. ಆದ್ದರಿಂದ ‘ಮುದ್ರಕರ ರೀಮು’ ಇಪ್ಪತ್ತೊಂದೂವರೆ ಕ್ವೈರಿನದು, ಅಂದರೆ 516 ಹಾಳೆ. 472, 480, 500, 516 ಎಂಬ ನಾಲ್ಕೂ ಸಂಖ್ಯೆಗಳಿಗೆ ರೀಮು ಎಂಬ ಒಂದೇ ಹೆಸರು. ಲೆಕ್ಕಪತ್ರದಲ್ಲಿ ‘ನೂರು ರೀಮು’ ಎಂದಿದ್ದರೆ ಕನಿಷ್ಠ ಮತ್ತು ಗರಿಷ್ಠಗಳ ನಡುವಣ ಅಂತರ 4,400 ಹಾಳೆ. ಪುಸ್ತಕವೊಂದರ ಎಷ್ಟು ಪ್ರತಿಗಳು ಅಚ್ಚಾದುವೆಂದು ಕಾಗದದ ಖರ್ಚಿನಿಂದ ಲೆಕ್ಕಹಾಕುವ ಇತಿಹಾಸಕಾರನಿಗೆ ಇದು ಸಣ್ಣ ಅಂತರವಲ್ಲ.

ಈ ಎಲ್ಲ ಗೊಂದಲದ ನಡುವೆ ಒಂದು ಸಂಗತಿ ಅಲುಗಾಡದೆ ನಿಂತಿದೆ: ಚಿಕ್ಕ ಕಟ್ಟಿಗೂ ದೊಡ್ಡ ಕಟ್ಟಿಗೂ ಇರುವ ಇಪ್ಪತ್ತರ ಪ್ರಮಾಣ. ಚಿಕ್ಕ ಕಟ್ಟಿನ ಹೆಸರು ನಾಲ್ಕಾಗಿರಲಿ, ಕೈಯಾಗಿರಲಿ, ಪುಸ್ತಕವಾಗಿರಲಿ. ಹಾಳೆಗಳು 24 ಇರಲಿ, 25 ಇರಲಿ. ಕ್ವೈರು, ಮ್ಯಾಂ, ಮಾನೊ, ಬೂಖ್, ದೆಸ್ತ್, ದಸ್ತು ಎಲ್ಲವೂ ದೊಡ್ಡ ಕಟ್ಟಿನ ಇಪ್ಪತ್ತನೆಯ ಒಂದು ಪಾಲು. ಮುದ್ರಕರ ರೀಮಿನಂತಹದು ಈ ವ್ಯವಸ್ಥೆಯ ಮೇಲೆ ಕಟ್ಟಿದ ವೃತ್ತಿವಿಶೇಷದ ರಿಯಾಯಿತಿಯೇ ಹೊರತು ಬೇರೆ ವ್ಯವಸ್ಥೆಯಲ್ಲ. ಭಾಷೆಯಿಂದ ಭಾಷೆಗೆ ಎರವಲಾಗಿ ಹೋದದ್ದು ಮುಖ್ಯವಾಗಿ ಈ ಸಂಬಂಧವೆಂದು ನಾವು ಭಾವಿಸುತ್ತೇವೆ. ಪದಗಳು ಎಲ್ಲೆಡೆ ಒಟ್ಟಿಗೆ ಪಯಣಿಸಲಿಲ್ಲ, ಸಂಖ್ಯೆಗಳೂ ಪಯಣಿಸಲಿಲ್ಲ. ಪ್ರಮಾಣ ಮುರಿದದ್ದು ಸರಕಾರಗಳು ಉದ್ದೇಶಪೂರ್ವಕವಾಗಿ ಮುರಿದಾಗ ಮಾತ್ರ. ಜರ್ಮನಿಯಲ್ಲಿ 1877ರಲ್ಲಿ ದಶಮಾನಕ್ಕೆ ಹೊಂದಿಸಿ ‘ಹೊಸ ರೀಸ್’ ಎಂದರೆ ಹತ್ತು ಬೂಖ್, 1000 ಹಾಳೆ ಎಂದು ನಿಗದಿಮಾಡಿದರು. ಹಳೆಯ ಹೆಸರಿಗೆ ‘ಹೊಸ’ ಎಂಬ ವಿಶೇಷಣವನ್ನು ಹಚ್ಚಬೇಕಾಯಿತೆಂಬುದೇ ಹಳೆಯ ಸಂಬಂಧದ ಬಿಗಿಯನ್ನು ತೋರಿಸುತ್ತದೆ.

ಇದರಿಂದ ನಿಘಂಟುಕಾರರಿಗೆ ಒಂದು ಕರ್ತವ್ಯ ಒದಗುತ್ತದೆ. ‘ದಸ್ತು: 24 ಹಾಳೆಗಳ ಕಟ್ಟು’ ಎಂಬ ವಿವರಣೆ ಒಂದು ಕಾಲದ ಬೆಲೆಯನ್ನು ಪದದ ಅರ್ಥವೆಂದು ಹೇಳುತ್ತದೆ. ಸ್ಪ್ಯಾನಿಷ್ ಅಕಾಡೆಮಿಯ ನಿಘಂಟು ಮಾನೊ ಪದವನ್ನು ರೆಸ್ಮಾದ ಇಪ್ಪತ್ತನೆಯ ಒಂದು ಭಾಗವೆಂದು ವಿವರಿಸುವುದು ಹೆಚ್ಚು ವಿವೇಕದ ಮಾರ್ಗ. ಕನ್ನಡದಲ್ಲೂ ‘ರೀಮಿನ ಇಪ್ಪತ್ತನೆಯ ಒಂದು ಪಾಲು, ರೂಢಿಯಲ್ಲಿ 24, ಈಚೆಗೆ 25 ಹಾಳೆ’ ಎಂದು ಬರೆದರೆ ಪತ್ರಾಗಾರದಲ್ಲಿ ಕೂತ ಸಂಶೋಧಕನಿಗೆ ತಾನು ಯಾವುದನ್ನು ಪರೀಕ್ಷಿಸಬೇಕೆಂಬುದು ತಿಳಿಯುತ್ತದೆ. ಒಂದೇ ಸಂಖ್ಯೆಯನ್ನು ಕೊಟ್ಟರೆ ಆತ ಪರೀಕ್ಷಿಸುವುದೇ ಇಲ್ಲ.

ಕನ್ನಡದ ಹಾಳೆ, ತಾವು, ಪುಟ

ದಸ್ತು ಕನ್ನಡಕ್ಕೆ ಒಂಟಿಯಾಗಿ ಬಂದುದಲ್ಲ. ‘ದಸ್ತ್’ನ ಪರಿವಾರವೇ ನಮ್ಮ ಆಡಳಿತಭಾಷೆಯಲ್ಲಿ ನೆಲೆಸಿದೆ: ಕೈಯಲ್ಲಿ ಹಿಡಿಯುವ ದಾಖಲೆ ದಸ್ತಾವೇಜು, ಕೈಬರಹದ ಗುರುತು ದಸ್ಕತ್ತು, ಕೈಹಿಡಿದು ಬಂಧಿಸುವುದು ದಸ್ತಗಿರಿ. ಇವುಗಳಲ್ಲಿ ಕೈ ಇದೆಯೆಂಬ ಅರಿವು ಕನ್ನಡಿಗರಿಗಿಲ್ಲ, ಇರಬೇಕಾದ್ದೂ ಇಲ್ಲ. ಧ್ವನಿರೂಪದ ಬಗ್ಗೆ ಒಂದು ಮಾತು ಅಗತ್ಯ. ಪಾರಸಿಯ ಪದಾಂತ್ಯ ಸ್ವರ ಕನ್ನಡದಲ್ಲಿ ಸಾಮಾನ್ಯವಾಗಿ ಎಕಾರವಾಗುತ್ತದೆ: ನಕ್ಷೆ, ಖಜಾನೆ, ಕಾರ್ಖಾನೆ, ಮಸೂದೆ. ವ್ಯಂಜನಾಂತ ಪದಗಳು ಉಕಾರವನ್ನು ಪಡೆಯುತ್ತವೆ: ಜಮೀನು, ಕಾನೂನು, ಬಜಾರು. ಈ ನಿಯಮದಂತೆ ದಸ್ತೆ ಎಂಬುದೇ ನಿರೀಕ್ಷಿತ ರೂಪ. ದಸ್ತು ಎಂಬ ರೂಪಕ್ಕೆ ‘ದಸ್ತ್’ ಎಂಬ ವ್ಯಂಜನಾಂತ ಮೂಲವೂ ಅದರ ಪರಿವಾರದ ಇತರ ಪದಗಳ ಸೆಳೆತವೂ ಕಾರಣವಾಗಿರಬೇಕೆಂದು ನಾವು ಊಹಿಸುತ್ತೇವೆ.

ಬಿಡಿ ಹಾಳೆಯ ಹೆಸರುಗಳು ಇನ್ನೂ ಸ್ವಾರಸ್ಯಕರ. ‘ಹಾಳೆ’ ಎಂಬುದು ಮೂಲತಃ ಅಡಕೆಯ ಹೊಂಬಾಳೆಯನ್ನು ಆವರಿಸಿದ ಪೊರೆ; ತಮಿಳಿನ ‘ಪಾಳೈ’, ಮಲಯಾಳದ ‘ಪಾಳ’ ಅದರ ಜ್ಞಾತಿಪದಗಳು. ಮಲೆನಾಡಿನಲ್ಲಿ ಇಂದಿಗೂ ಹಾಳೆಯ ಟೊಪ್ಪಿ, ಹಾಳೆಯ ತಟ್ಟೆ ಎಂದರೆ ಅಡಕೆಹಾಳೆಯದೇ. ಅಗಲವಾದ, ಬಾಗುವ, ತೆಳುವಾದ ಈ ಸಸ್ಯವಸ್ತುವಿನ ಹೆಸರು ಕಾಗದಕ್ಕೆ ಹಬ್ಬಿತು. ಅದಕ್ಕೆ ಪಕ್ಕದಲ್ಲೇ ‘ತಾವು’ ಇದೆ: ‘ಒಂದು ತಾವು ಕಾಗದ’ ಎಂದರೆ ಕತ್ತರಿಸದ ಪೂರ್ಣ ಹಾಳೆ. ಮರಾಠಿಯಲ್ಲೂ ಹಿಂದಿಯಲ್ಲೂ ಇದು ‘ತಾವ್’. ಮೂಲ ಪಾರಸಿಯ ‘ತಾ’, ಮಡಿಕೆ. ಪಾರಸಿಯಲ್ಲಿ ಈ ‘ತಾ’ ಎಣಿಕೆಯ ವರ್ಗಸೂಚಕವಾಗಿಯೂ ಬೆಳೆದಿದೆ. ‘ದೋ ತಾ ಕಿತಾಬ್’ ಎಂದರೆ ಎರಡು ಪುಸ್ತಕ. ಮಡಿಕೆಯ ಹೆಸರು ಏನನ್ನಾದರೂ ಎಣಿಸಬಲ್ಲ ವ್ಯಾಕರಣ ಘಟಕವಾದದ್ದು ಅರ್ಥಕ್ಷಯದ ಪಾಠಪುಸ್ತಕಕ್ಕೆ ಸಲ್ಲುವ ನಿದರ್ಶನ. ಕನ್ನಡದಲ್ಲಿ ಈ ತಾವು ಗೌರವಸೂಚಕ ಸರ್ವನಾಮವಾದ ತಾವು, ಸ್ಥಳವಾಚಕವಾದ ತಾವು ಎರಡರೊಡನೆಯೂ ಸಮರೂಪಿಯಾಯಿತು. ಪದ ಹಿಂದೆ ಸರಿದು ಹಾಳೆಗೆ ದಾರಿಬಿಟ್ಟದ್ದರಲ್ಲಿ ಈ ಸಮರೂಪತೆಯ ಪಾಲೂ ಇರಬಹುದು.

ಪೂರ್ಣ ಹಾಳೆಯನ್ನು ಅದರ ಮಡಿಕೆಯಿಂದ ಹೆಸರಿಸುವುದು ಪಾರಸಿಯೊಂದರ ವಿಶೇಷವಲ್ಲ. ಸ್ಪ್ಯಾನಿಷಿನ ‘ಪ್ಲಿಯೆಗೊ’ ಮಡಿಸು ಎಂಬ ಧಾತುವಿನದು. ಜರ್ಮನ್ನಿನ ‘ಬೋಗೆನ್’ ಬಾಗಿಸು ಎಂಬ ಧಾತುವಿನದು. ಸಂಸ್ಕೃತದ ‘ಪುಟ’ವೂ ಮಡಿಕೆಯೇ, ಮಡಿಸಿ ಮಾಡಿದ ದೊನ್ನೆಯೇ, ಕನ್ನಡದಲ್ಲಿ ಅದು ಎಲೆಯ ಒಂದು ಮಗ್ಗುಲಿಗೆ ನಿಂತ ಹೆಸರಾಗಿದೆ. ಮುಚ್ಚಳವಿರುವ ಕರಂಡಕವಾಗಿದ್ದ ‘ಸಂಪುಟ’ ಪುಸ್ತಕದ ಭಾಗವಾಗಿದೆ. ಕಾಗದದ ಗುಣವೇ ಮಡಿಸಿಕೊಳ್ಳುವುದು. ಆದ್ದರಿಂದ ಚಪ್ಪಟೆಯಾಗಿ ಕಣ್ಣೆದುರು ಬಿದ್ದಿರುವ ಹಾಳೆಯನ್ನೂ ಈ ಭಾಷೆಗಳು ಅದರ ಮುಂದಿನ ಸ್ಥಿತಿಯಿಂದ ಕರೆದಿವೆ.

ಕೂಡಿಸುವ ಘಟಕಕ್ಕೆ ಹೆಸರಿಲ್ಲದ ಕಾರಣ

ಹಾಳೆಗೂ ಎಣಿಕೆಗೂ ಇಷ್ಟು ಪದಗಳಿರುವ ಕನ್ನಡದಲ್ಲಿ, ಮಡಿಸಿ ಒಂದರೊಳಗೊಂದು ಸೇರಿಸಿದ ಹೊಲಿಗೆಯ ಘಟಕಕ್ಕೆ ಮಾತ್ರ ಹಳೆಯ ಪದವಿಲ್ಲ. ಕಾರಣ ಸ್ಪಷ್ಟ: ನಮ್ಮ ಪುಸ್ತಕಪರಂಪರೆಗೆ ಅಂತಹ ಘಟಕವೇ ಇರಲಿಲ್ಲ. ತಾಳೆಯ ಗರಿಯನ್ನು ಮಡಿಸಿದರೆ ಸೀಳುತ್ತದೆ. ಗರಿಗಳಿಗೆ ತೂತುಮಾಡಿ, ದಾರ ಪೋಣಿಸಿ, ಮೇಲೆ ಕೆಳಗೆ ಹಲಗೆಯಿಟ್ಟು ಬಿಗಿದರೆ ಗ್ರಂಥ. ಇಲ್ಲಿ ಘಟಕಗಳು ಎರಡೇ, ಬಿಡಿಯಾದ ಗರಿ ಮತ್ತು ಇಡಿಯಾದ ಕಟ್ಟು ಅಥವಾ ಕವಳಿಗೆ. ವೀಳ್ಯದೆಲೆಯ ಕಟ್ಟಿಗೂ ಓಲೆಯ ಕಟ್ಟಿಗೂ ಕವಳಿಗೆ ಎಂಬ ಒಂದೇ ಹೆಸರು ಸಲ್ಲುವುದನ್ನು ಗಮನಿಸಬೇಕು. ‘ಗ್ರಂಥ’ ಪದವೇ ಗಂಟುಹಾಕು ಎಂಬ ಧಾತುವಿನದು. ಯುರೋಪಿನ ಪುಸ್ತಕದಲ್ಲಿ ಈ ಎರಡರ ನಡುವೆ ಇರುವ ಮೂರನೆಯ ಸ್ತರ, ಮಡಿಕೆಯ ಸ್ತರ, ಇಲ್ಲಿ ಖಾಲಿ.

ಗಾತ್ರವನ್ನು ಅಳೆಯುವ ರೀತಿಯೂ ಬೇರೆಯಾಗಿತ್ತು. ಯುರೋಪಿನ ಲಿಪಿಕಾರನ ಕೆಲಸವನ್ನು ಹೆಚ್ಚಾಗಿ ಕ್ವೈರುಗಳಿಂದ ಅಳೆದರೆ, ನಮ್ಮಲ್ಲಿ 32 ಅಕ್ಷರಗಳಿಗೆ ಒಂದು ಗ್ರಂಥವೆಂದು ಅಕ್ಷರದಿಂದಲೇ ಅಳೆಯುತ್ತಿದ್ದರು. ಗದ್ಯವಾದರೂ ಅನುಷ್ಟುಭ್ ಶ್ಲೋಕದ ಅಳತೆಗೆ ತಂದು ಎಣಿಸುವುದು ಕ್ರಮ. ಮೂಡಬಿದಿರೆಯಲ್ಲಿ ಕನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದುಬಂದ ಧವಲಾ ಟೀಕೆ 72,000 ಗ್ರಂಥ, ಜಯಧವಲಾ 60,000 ಗ್ರಂಥ ಎಂದು ಪರಂಪರೆ ಹೇಳುವಾಗ ಅದು ಗರಿಗಳ ಲೆಕ್ಕವಲ್ಲ, ಅಕ್ಷರಗಳ ಲೆಕ್ಕ. ಗರಿಯ ಉದ್ದಗಲ ಬದಲಾದರೂ ಈ ಮಾನ ಬದಲಾಗುವುದಿಲ್ಲ. ರೀಮಿನ ಚಂಚಲತೆಯನ್ನು ನೋಡಿದ ಮೇಲೆ ಇದರ ದೃಢತೆಗೆ ನಾವು ತಲೆದೂಗದಿರಲಾರೆವು.

ಮಡಿಸುವ ಬರಹವಸ್ತು ಕರ್ನಾಟಕಕ್ಕೆ ಅಪರಿಚಿತವಾಗಿತ್ತೆಂದು ಇದರಿಂದ ತಿಳಿಯಬಾರದು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಿನ ಕಪ್ಪನ್ನು ಬಳಿದು ಒಣಗಿಸಿ, ಬಳಪದಿಂದ ಬರೆಯುತ್ತಿದ್ದ ಕಡತವು ಹಿಂದುಮುಂದಾಗಿ ಮಡಿಸಿದ ಪಟ್ಟಿ. ಶಾಸನಗಳಲ್ಲಿ ಅದು ‘ಕಡಿತ’. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಸುಪರಿಚಿತ. ಆದರೆ ಕಡತದ ಮಡಿಕೆಗಳು ಒಂದರ ಪಕ್ಕ ಒಂದಿರುತ್ತವೆ, ಒಂದರೊಳಗೊಂದಲ್ಲ, ಅವನ್ನು ಹೊಲಿಯುವುದಿಲ್ಲ. ಬಟ್ಟೆಯ ಕಡತ ಮರೆಯಾದರೂ ಹೆಸರು ಅಳಿಯಲಿಲ್ಲ. ಸರಕಾರಿ ಕನ್ನಡದಲ್ಲಿ ಅದು ಫೈಲಿಗೆ ನಿಂತು, ದಿನವೂ ಮೇಜಿನಿಂದ ಮೇಜಿಗೆ ಹೋಗುತ್ತಿದೆ.

ಮುದ್ರಣಶಾಲೆಯ ಮಡಿಕೆ

ಯುರೋಪಿನ ಮುದ್ರಣಶಾಲೆಯಲ್ಲಿ ಹಾಳೆ ಕೂಡಿಸುವುದೇ ಒಂದು ವೃತ್ತಿಯಾಗಿತ್ತು. ಜೋಸೆಫ್ ಮಾಕ್ಸನ್ 1683–84ರಲ್ಲಿ ಪ್ರಕಟಿಸಿದ ಮುದ್ರಣಕಲೆಯ ಕೈಪಿಡಿ ಅದರ ಪದಗಳನ್ನು ವಿವರವಾಗಿ ದಾಖಲಿಸಿದೆ. ಅಚ್ಚಾದ ಹಾಳೆಗಳನ್ನು ಒಣಗಿಸಿ, ಕ್ರಮವಾಗಿ ರಾಶಿಗಳಲ್ಲಿಟ್ಟು, ಪ್ರತಿ ರಾಶಿಯಿಂದ ಒಂದೊಂದನ್ನು ಎತ್ತಿಕೊಳ್ಳುತ್ತ ಮೇಜಿನುದ್ದಕ್ಕೂ ನಡೆದರೆ ಕೊನೆಯಲ್ಲಿ ಒಂದು ಪ್ರತಿಯಷ್ಟು ಹಾಳೆ ಕೈಯಲ್ಲಿರುತ್ತದೆ. ಅದೇ ಕೈಪಿಡಿಯಲ್ಲಿ ಬರುವ ‘ಟೋಕನ್’ ಎಂಬುದು 250 ಹಾಳೆಗಳ ಅಳತೆ, ಜೊತೆಗೆ ಅಚ್ಚುಯಂತ್ರದಲ್ಲಿ ಒಂದು ಗಂಟೆಯ ಕೆಲಸದ ಅಳತೆಯೂ ಹೌದು. ಕಾಗದದ ಮಾನ ಕಾಲದ ಮಾನವಾದ ಅಪರೂಪದ ಪ್ರಸಂಗವಿದು.

ಹಾಳೆಗಳ ಕ್ರಮ ತಪ್ಪದಂತೆ ಪ್ರತಿ ಘಟಕದ ಮೊದಲ ಪುಟದ ಕೆಳಗೆ ಲ್ಯಾಟಿನ್ ವರ್ಣಮಾಲೆಯ ಅಕ್ಷರವನ್ನು ಅಚ್ಚುಹಾಕುತ್ತಿದ್ದರು. ಆ ವರ್ಣಮಾಲೆಗೆ ಆಗ 23 ಅಕ್ಷರಗಳು. ಜರ್ಮನಿಯಲ್ಲಿ ಹಾಳೆಗೊಂದು ಅಕ್ಷರದಂತೆ ಲೆಕ್ಕಹಾಕಿ, 23 ಹಾಳೆಗಳ ಉದ್ದಕ್ಕೆ ‘ಆಲ್ಫಾಬೆಟ್’ ಎಂದೇ ಹೆಸರಿಟ್ಟರು. 18ನೆಯ ಶತಮಾನದ ಪುಸ್ತಕಪಟ್ಟಿಗಳಲ್ಲಿ ‘ಒಂದು ವರ್ಣಮಾಲೆ ಐದು ಹಾಳೆ’ ಎಂಬಂತಹ ಗಾತ್ರಸೂಚನೆ ಸಾಮಾನ್ಯ. ಕನ್ನಡದ 49 ಅಕ್ಷರಗಳಿಂದ ಹಾಗೆ ಅಳೆದಿದ್ದರೆ ನಮ್ಮ ಎಷ್ಟೋ ಕಾದಂಬರಿಗಳು ಅರ್ಧ ವರ್ಣಮಾಲೆಯನ್ನೂ ದಾಟುತ್ತಿರಲಿಲ್ಲ.

ಕನ್ನಡದ ಮುದ್ರಕರು ಈ ಘಟಕಕ್ಕೆ ಬಳಸುವ ಪದ ‘ಫಾರಂ’. ಅಚ್ಚಿನ ಮೊಳೆಗಳನ್ನು ಬಿಗಿದ ಚೌಕಟ್ಟಿನ ಹೆಸರು ಅದರಿಂದ ಅಚ್ಚಾದ ಹಾಳೆಗೆ, ಆ ಹಾಳೆಯನ್ನು ಮಡಿಸಿದ ಘಟಕಕ್ಕೆ ಹಬ್ಬಿದೆ. ‘ಡೆಮಿ 1/8’ ಅಥವಾ ‘ಕ್ರೌನ್ 1/8’ ಎಂದು ಪುಸ್ತಕದ ಒಳಪುಟದಲ್ಲಿ ಅಚ್ಚಾಗಿರುತ್ತದಲ್ಲವೆ, ಆ ಅಳತೆಯಲ್ಲಿ ಒಂದು ಹಾಳೆಯನ್ನು ಮೂರು ಬಾರಿ ಮಡಿಸಿದರೆ ಎಂಟು ಎಲೆ, ಹದಿನಾರು ಪುಟ. ‘ಹನ್ನೆರಡು ಫಾರಂ ಆಗುತ್ತದೆ’ ಎಂದು ಮುದ್ರಕ ಹೇಳಿದರೆ ಲೇಖಕ 192 ಪುಟವೆಂದು ತಿಳಿಯುತ್ತಾನೆ. ಈ ಫಾರಂನ ಅಂಚುಗಳನ್ನು ಕತ್ತರಿಸಿ ತೆರೆದು ನೋಡಿದರೆ ಒಳಗಿರುವುದು ಒಂದರೊಳಗೊಂದು ಕೂತ ನಾಲ್ಕು ಜೋಡಿಹಾಳೆ. ಲ್ಯಾಟಿನರು ‘ಕ್ವಾತೆರ್ನಿ’ ಎಂದು ಹೆಸರಿಟ್ಟದ್ದು ಇದಕ್ಕೇ. ಹೆಸರು ಸಂಖ್ಯೆಯನ್ನು ಕಳೆದುಕೊಂಡು ನೋಟುಪುಸ್ತಕಗಳಲ್ಲಿ ಅಲೆಯುತ್ತಿದ್ದರೆ, ಸಂಖ್ಯೆ ಹೆಸರನ್ನು ಕಳೆದುಕೊಂಡು ಬೆಂಗಳೂರಿನ ಮುದ್ರಣಾಲಯಗಳಲ್ಲಿ ನೆಟ್ಟಗೆ ಉಳಿದಿದೆ.

ಹಾಗಾದರೆ ಹಸ್ತಪ್ರತಿಶಾಸ್ತ್ರದ ಕ್ವೈರಿಗೆ ಕನ್ನಡದಲ್ಲಿ ಏನೆನ್ನಬೇಕು? ‘ಫಾರಂ’ ಅಚ್ಚಿನ ಪದ. ಅರಬ್ಬೀ ಖುರಾನ್ ಪ್ರತಿಯೊಂದರ ಐದು ಜೋಡಿಹಾಳೆಗಳ ಘಟಕವನ್ನು ಫಾರಂ ಎನ್ನುವುದು ಸಲ್ಲದು. ಅರಬ್ಬಿಯಲ್ಲಿ ಆ ಘಟಕಕ್ಕೆ ‘ಕುರ್‍ರಾಸ’ ಎಂಬ ಪದವಿದೆ. ಸಿರಿಯಾಕ್ ಮೂಲದ ಅದೂ ಇಂದು ನೋಟುಪುಸ್ತಕವೇ ಆಗಿದೆ. ‘ದಸ್ತು’ ಎಣಿಕೆಯ ಪದವಾಗಿಯೇ ಉಳಿಯಬೇಕು. ‘ಗುಚ್ಛ’, ‘ಸ್ತಬಕ’ಗಳಂತಹ ಸಂಸ್ಕೃತ ಪದಗಳು ಗೊಂಚಲನ್ನು ಹೇಳುತ್ತವೆಯೇ ಹೊರತು ಮಡಿಸುವುದನ್ನು ಹೇಳುವುದಿಲ್ಲ. ‘ಮಡಿಕೆ’ ಎಂಬ ಸರಳ ಪದವನ್ನು ನಾವು ಸೂಚಿಸುತ್ತೇವೆ: ನಾಲ್ಕರ ಮಡಿಕೆ, ಐದರ ಮಡಿಕೆ, ‘ಎಂಟೆಲೆಯ ಹತ್ತು ಮಡಿಕೆ’. ಇದರಲ್ಲಿ ಸಂಖ್ಯೆ ಪದದ ಹೊರಗಿರುವುದರಿಂದ, ಲ್ಯಾಟಿನ್ ಪದಕ್ಕೆ ಒದಗಿದ ಅವಸ್ಥೆ ಇದಕ್ಕೆ ಒದಗಲಾರದು. ನೇಗಿಲಿಗೂ ಮಡಿಕೆಯೆಂದು ಕೆಲವು ಕಡೆ ಹೆಸರಿರುವುದರಿಂದ ಆಕ್ಷೇಪ ಬರಬಹುದು. ಆದರೆ ಹಸ್ತಪ್ರತಿಯ ವರ್ಣನೆಯಲ್ಲಿ ನೇಗಿಲು ಅಡ್ಡಬರುವ ಸಂಭವ ಕಡಿಮೆ.

ಎಣಿಕೆಯ ಹಳೆಯ ದಸ್ತನ್ನು ಕಣ್ಣಾರೆ ನೋಡಬಯಸುವವರು ಪತ್ರಾಗಾರದವರೆಗೆ ಹೋಗಬೇಕಾಗಿಲ್ಲ. ಸ್ಟೇಷನರಿ ಅಂಗಡಿಯಲ್ಲಿ ‘ಒಂದು ಕ್ವೈರಿನ ರಿಜಿಸ್ಟರ್’, ‘ಎರಡು ಕ್ವೈರಿನ ರಿಜಿಸ್ಟರ್’ ಎಂದು ಕೇಳಿದರೆ ಕೊಡುತ್ತಾರೆ. ಮೊದಲನೆಯದರಲ್ಲಿ 96 ಪುಟ, ಎರಡನೆಯದರಲ್ಲಿ 192. ಫುಲ್‌ಸ್ಕೇಪ್ ಹಾಳೆ 24 ಇದ್ದು, ಒಮ್ಮೆ ಮಡಿಸಿದರೆ 48 ಎಲೆ, 96 ಪುಟ. ಅದೇ ಅಂಗಡಿಯಲ್ಲಿ ಮಾರುವ ಬಿಡಿ ಕಾಗದದ ರೀಮಿನಲ್ಲಿ ಇಂದು 500 ಹಾಳೆಗಳಿವೆ, ಅದರ ಇಪ್ಪತ್ತನೆಯ ಒಂದು ಪಾಲು 25. ರಿಜಿಸ್ಟರಿನ ಕ್ವೈರು ಮಾತ್ರ 24ರಲ್ಲೇ ನಿಂತಿದೆ.